ಬಾಲಮಂದಿರದಲ್ಲಿ ಬೆಳೆದ ಹುಡ್ಗಿಗೆ ಡಿಪ್ಲೊಮಾ ಓದೋಕೆ ಸ್ಕಾಲರ್‌ಶಿಪ್ ಸಿಗುತ್ತಾ?

ಪ್ರಶ್ನೆ (ಹಾಸನ): ನಮ್ಗೆ ಗೊತ್ತಿರೋ ಹುಡ್ಗಿ, ಅಪ್ಪ ಅಮ್ಮ ಇಬ್ರೂ ಇಲ್ಲ, ಬಾಲಮಂದಿರದಲ್ಲೇ ಬೆಳ್ದಿದ್ದು, 18 ತುಂಬ್ತು ಅಂತ ಹೊರಗೆ ಬಂದಿದಾಳೆ, ಪಾಲಿಟೆಕ್ನಿಕ್ ಸೀಟ್ ಸಿಕ್ಕಿದೆ ಆದ್ರೆ ಪಿಜಿ ಬಾಡಿಗೆ, ಊಟ ಎಲ್ಲಾ ಯಾರ್ ಕಟ್ಟೋದು? ಏನಾದ್ರೂ ದಾರಿ ಇದ್ರೆ ಹೇಳಿ.

ಉತ್ತರ 1: ಎಐಸಿಟಿಇ (ತಾಂತ್ರಿಕ ಕಾಲೇಜುಗಳಿಗೆ ಮಾನ್ಯತೆ ಕೊಡೋ ಕೇಂದ್ರದ ಸಂಸ್ಥೆ) ಕೊಡೋ ಸ್ವನಾಥ್ ಸ್ಕಾಲರ್‌ಶಿಪ್ ನೋಡಿ, ಅನಾಥ ಮಕ್ಳಿಗೆ ಸಿಗುತ್ತೆ. ವರ್ಷಕ್ಕೆ 50,000, ಡಿಪ್ಲೊಮಾಗೂ ಇದೆ. ಕಾಲೇಜಿಗೆ ಎಐಸಿಟಿಇ ಮಾನ್ಯತೆ ಇರ್ಬೇಕು. ಅಪ್ಪ ಅಮ್ಮನ ಡೆತ್ ಸರ್ಟಿಫಿಕೇಟ್ ಈಗ್ಲೇ ಹುಡುಕಿಟ್ಕೊಳಿ, ಎಲ್ರೂ ಒದ್ದಾಡೋದು ಅಲ್ಲೇ.

ಉತ್ತರ 2 (ಚಿಕ್ಕಮಗಳೂರು): ಸ್ಕಾಲರ್‌ಶಿಪ್ ಬರೋ ತನಕ ಹೊಟ್ಟೆ ಕೇಳುತ್ತಾ? ಮೊದ್ಲು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಆಫ್ಟರ್ ಕೇರ್‌ಗೆ (18 ತುಂಬಿ ಬಾಲಮಂದಿರದಿಂದ ಹೊರಗೆ ಬಂದೋರಿಗೆ ಕೊಡೋ ನೆರವು) ಅರ್ಜಿ ಕೊಡ್ಲಿ. ಮಕ್ಕಳ ರಕ್ಷಣೆಗೆ ಅಂತ ಇರೋ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000, 21 ವರ್ಷದ ತನಕ, ವಿಶೇಷ ಸಂದರ್ಭದಲ್ಲಿ 23. ನಮ್ಮಣ್ಣನ ಸ್ಟೂಡೆಂಟ್ ಒಬ್ಬ ಮಕ್ಕಳ ಕಲ್ಯಾಣ ಸಮಿತಿ (ಮಕ್ಳನ್ನ ಬಾಲಮಂದಿರಕ್ಕೆ ಸೇರ್ಸೋಕೆ ಆದೇಶ ಕೊಡೋ ಸಮಿತಿ) ಆದೇಶದ ಕಾಪಿ ಲ್ಯಾಮಿನೇಟ್ ಮಾಡ್ಸಿ ಬ್ಯಾಗಲ್ಲೇ ಇಟ್ಕೊಂಡಿರ್ತಾನೆ, ಎಲ್ ಹೋದ್ರೂ ಮೊದ್ಲು ಅದನ್ನೇ ಕೇಳ್ತಾರಂತೆ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಸರ್, ಆಫ್ಟರ್ ಕೇರ್ ಅಂತ ಒಂದಿದೆ ಅಂತ ಅವ್ಳಿಗೆ ಯಾರೂ ಹೇಳೇ ಇರ್ಲಿಲ್ಲ. ಸೋಮವಾರ ಕರ್ಕೊಂಡ್ ಹೋಗ್ತೀನಿ.