ಬಾಲ್ಟಿಕ್ ಕ್ರೂಸ್‌ನಲ್ಲಿ ಟ್ಯಾಲಿನ್: ಹಡಗಿನವರ ಪ್ರವಾಸ ಬೇಕೇ, ನಾವೇ ಸುತ್ತಬಹುದೇ?

ಮೈಸೂರಿನಿಂದ ಪ್ರಶ್ನೆ

ಬರುವ ಜೂನ್‌ನಲ್ಲಿ ಅಪ್ಪ, ಅಮ್ಮ, ನಾನು, ನನ್ನ ಹೆಂಡತಿ ಕೋಪನ್‌ಹೇಗನ್‌ನಿಂದ ಹೊರಡುವ ಬಾಲ್ಟಿಕ್ ಕ್ರೂಸ್ ಹತ್ತುವವರಿದ್ದೇವೆ. ಸ್ಟಾಕ್‌ಹೋಮ್, ಹೆಲ್ಸಿಂಕಿ ಮುಗಿಸಿಕೊಂಡು ಹಡಗು 24ರಂದು ಎಸ್ಟೋನಿಯಾದ ಟ್ಯಾಲಿನ್‌ಗೆ ಬರುತ್ತದೆ. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಅಲ್ಲಿರುತ್ತದೆ. ಮೊದಲೆರಡು ಊರುಗಳಲ್ಲಿ ಸ್ನೇಹಿತರಿದ್ದಾರೆ, ಟ್ಯಾಲಿನ್‌ನಲ್ಲಿ ಮಾತ್ರ ಯಾರೂ ಇಲ್ಲ. ಹಡಗಿನವರ ಅರ್ಧ ದಿನದ ಪ್ರವಾಸಕ್ಕೆ ತಲೆಗೆ ಕೇಳುತ್ತಿರುವ ಹಣ ನೋಡಿ ಅಪ್ಪ, ‘ಅಷ್ಟು ದುಡ್ಡಿನಲ್ಲಿ ಕಾಶಿಗೆ ಹೋಗಿ ಬರಬಹುದು’ ಎನ್ನುತ್ತಿದ್ದಾರೆ. ಅಮ್ಮನಿಗೆ ಮೊಣಕಾಲು ನೋವು, ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಎಲ್ಲರೂ ಸಸ್ಯಾಹಾರಿಗಳು, ಅಪ್ಪ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ನಾವೇ ಸುತ್ತಿದರೆ ನಡೆಯುತ್ತದೆಯೇ? ಊಟಕ್ಕೆ, ವೀಸಾಕ್ಕೆ ಏನು ಗಮನಿಸಬೇಕು? ಹೋಗಿ ಬಂದವರು ದಯವಿಟ್ಟು ತಿಳಿಸಿ.

ಬೆಂಗಳೂರು ಜಯನಗರದಿಂದ

ನಿಮ್ಮ ತಂದೆಯವರ ಮಾತೇ ಸರಿ. ಬೇರೆ ಬಂದರುಗಳ ವಿಷಯ ಬೇರೆ, ಟ್ಯಾಲಿನ್‌ನಲ್ಲಿ ಆ ಹಣ ಕೊಡುವ ಅಗತ್ಯವೇ ಇಲ್ಲ. ಹಡಗು ನಿಲ್ಲುವ ಬಂದರಿನಿಂದ ಕೋಟೆಯೊಳಗಿನ ಹಳೆಯ ಊರಿಗೆ ಹೆಚ್ಚೆಂದರೆ ಒಂದೂವರೆ ಕಿಲೋಮೀಟರ್, ದಾರಿ ಸಮತಟ್ಟು. ಒಲೆವಿಸ್ತೆ ಚರ್ಚಿನ ಶಿಖರ ನೂರಿಪ್ಪತ್ತು ಮೀಟರಿಗೂ ಎತ್ತರವಿರುವುದರಿಂದ ಬಂದರಿನಿಂದಲೇ ಕಾಣುತ್ತದೆ. ಅದನ್ನೇ ನೋಡಿಕೊಂಡು ನಡೆದರೆ ದಾರಿ ತಪ್ಪುವ ಪ್ರಶ್ನೆಯೇ ಇಲ್ಲ.

ಕೋಟೆಗೆ ಸಮುದ್ರದ ಕಡೆಯಿಂದ ಹೋಗುವ ಬಾಗಿಲಿನ ಪಕ್ಕದಲ್ಲಿ ‘ದಪ್ಪ ಮಾರ್ಗರೆಟ್’ ಎಂಬ ಗುಂಡನೆಯ ಫಿರಂಗಿ ಬುರುಜು ಇದೆ. ಈಗ ಅದರೊಳಗೆ ಕಡಲ ವಸ್ತುಸಂಗ್ರಹಾಲಯವಿದೆ. ಬಾಗಿಲು ದಾಟಿದರೆ ಪಿಕ್ ಎಂಬ ಉದ್ದನೆಯ ಬೀದಿ ಸಿಗುತ್ತದೆ. ಇಡೀ ಊರಿನಲ್ಲಿ ನನಗೆ ಹಿಡಿಸಿದ್ದು ಈ ಒಂದು ಬೀದಿ. ಮೊದಲು ‘ಮೂವರು ಅಕ್ಕತಂಗಿಯರು’ ಎಂದು ಕರೆಯುವ ವರ್ತಕರ ಮನೆಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಮಧ್ಯಯುಗದ ವರ್ತಕರು ಇಂಥ ಮನೆಗಳ ಅಟ್ಟದಲ್ಲೇ ಸರಕು ತುಂಬುತ್ತಿದ್ದರು, ಕೆಳಗೆ ಸಂಸಾರ. ಮೂಟೆ ಮೇಲಕ್ಕೆಳೆಯುವ ತೊಲೆ ಗೋಡೆಯಿಂದ ಹೊರಕ್ಕೆ ಚಾಚಿರುವುದನ್ನು ಕೆಲವು ಮನೆಗಳಲ್ಲಿ ಈಗಲೂ ನೋಡಬಹುದು. ಹಾನ್ಸಾ ವರ್ತಕರ ಒಕ್ಕೂಟಕ್ಕೆ ಸೇರಿದ್ದ ಊರು ಇದು. ಉಪ್ಪು, ತುಪ್ಪಳದ ಚರ್ಮ, ಮೇಣಗಳ ವ್ಯಾಪಾರದಿಂದ ಬೆಳೆಯಿತು. ಇನ್ನೂ ಮುಂದೆ ಹೋದರೆ 59ನೇ ನಂಬರಿನ ಕಟ್ಟಡ. ಸೋವಿಯತ್ ಕಾಲದಲ್ಲಿ ಇದು ಕೆಜಿಬಿ ಎಂಬ ಗುಪ್ತ ಪೊಲೀಸರ ಕಚೇರಿ. ಬೀದಿಯ ಮಟ್ಟದಲ್ಲಿರುವ ನೆಲಮಾಳಿಗೆಯ ಕಿಟಕಿಗಳನ್ನು ಬಗ್ಗಿ ನೋಡಿ, ಒಳಗಿನ ವಿಚಾರಣೆಯ ಸದ್ದು ಹೊರಗೆ ಕೇಳಬಾರದೆಂದು ಮುಚ್ಚಿಬಿಟ್ಟಿದ್ದರಂತೆ. ಎದುರಿಗಿರುವ ಮನೆಗಳ ಬಣ್ಣಕ್ಕೆ ಮರುಳಾಗಿ ಹೆಚ್ಚಿನವರು ಇದನ್ನು ನೋಡದೆ ಮುಂದೆ ಹೋಗುತ್ತಾರೆ.

ಅಲ್ಲಿಂದ ಪುರಭವನದ ಚೌಕಕ್ಕೆ ನಿಧಾನವಾಗಿ ನಡೆದರೂ ಹತ್ತು ನಿಮಿಷ. ಪುರಭವನ 1404ರಲ್ಲಿ ಪೂರ್ತಿಯಾದದ್ದು. ಚೌಕದ ಮೂಲೆಯಲ್ಲಿರುವ ಔಷಧಿ ಅಂಗಡಿಯ ಹೆಸರು 1422ರ ದಾಖಲೆಯಲ್ಲೇ ಇದೆ, ಅಲ್ಲಿ ಇಂದಿಗೂ ಮಾತ್ರೆ ಮಾರುತ್ತಾರೆ. ಹತ್ತಿರದ ಪವಿತ್ರಾತ್ಮ ಚರ್ಚಿನ ಹೊರಗೋಡೆಯ ಮೇಲೆ ನೀಲಿ ಮತ್ತು ಚಿನ್ನದ ಬಣ್ಣದ ಕೆತ್ತನೆಯ ಗಡಿಯಾರವಿದೆ, 17ನೇ ಶತಮಾನದ್ದು. ಒಲೆವಿಸ್ತೆ ಶಿಖರ ಹತ್ತಲು ಬಿಡುತ್ತಾರೆ, ಆದರೆ ಅದು ಇನ್ನೂರಕ್ಕೂ ಹೆಚ್ಚು ಮೆಟ್ಟಿಲುಗಳ ಕಿರಿದಾದ ಸುತ್ತುಹಾದಿ. ನಿಮ್ಮ ತಾಯಿಯವರನ್ನು ಕೆಳಗೆ ಕೂರಿಸಿ ಹೋಗುವುದಾದರೆ ನೀವಿಬ್ಬರು ಹೋಗಿ.

ಚೌಕದಿಂದ ಟೂಂಪೆಯಾ ಗುಡ್ಡಕ್ಕೆ ಏರುದಾರಿ. ಮಧ್ಯಾಹ್ನದ ಮೇಲೆ ಅಲ್ಲಿಗೆ ಹೋಗಿ, ಇಳಿದು ಬಂದು ಹಡಗು ಸೇರಿಕೊಳ್ಳಿ.

ಹೆಲ್ಸಿಂಕಿಯಿಂದ

ಜಯನಗರದವರು ಬೀದಿಯನ್ನು ಚೆನ್ನಾಗಿ ತೋರಿಸಿದ್ದಾರೆ. ಆದರೆ ಮೊಣಕಾಲು ನೋವಿರುವವರಿಗೆ ಈ ಕ್ರಮ ಸರಿಹೋಗುವುದಿಲ್ಲ. ದಣಿದ ಕಾಲಿನಲ್ಲಿ ಗುಡ್ಡ ಹತ್ತಿಸಿ, ಕೊನೆಗೆ ಇಳಿಸುವುದೆಂದರೆ ಅಮ್ಮನವರಿಗೆ ಶಿಕ್ಷೆಯೇ. ತಿರುಗಿಸಿಬಿಡಿ. ಬಂದರಿನಿಂದ ಟ್ಯಾಕ್ಸಿಯಲ್ಲಿ ನೇರ ಟೂಂಪೆಯಾಕ್ಕೆ, ಅಲೆಕ್ಸಾಂಡರ್ ನೆವ್‌ಸ್ಕಿ ಚರ್ಚಿನ ಬಾಗಿಲಿಗೇ ಹೋಗಿ ಇಳಿಯಿರಿ. ಬೋಲ್ಟ್ ಎಂಬ ಟ್ಯಾಕ್ಸಿ ಆ್ಯಪ್ ಹುಟ್ಟಿದ್ದೇ ಈ ಊರಿನಲ್ಲಿ, ನಾಲ್ವರಿಗೆ ಒಂದು ಕಾರು ಸಾಕು. ಬೆಳಿಗ್ಗೆ ಒಂಬತ್ತಕ್ಕೆ ಮೊದಲೇ ಅಲ್ಲಿದ್ದರೆ ಜನ ವಿರಳ. ಹತ್ತು ಗಂಟೆಗೆ ಹಡಗುಗಳ ಗುಂಪುಗಳು ಬಣ್ಣಬಣ್ಣದ ಫಲಕ ಹಿಡಿದ ಮಾರ್ಗದರ್ಶಕರ ಹಿಂದೆ ಬರತೊಡಗುತ್ತವೆ. ಆಮೇಲೆ ಕೊಹ್ತುಓತ್ಸ ಎಂಬ ನೋಟತಾಣದಲ್ಲಿ ಫೋಟೊ ತೆಗೆಯಲು ಸರದಿ ಕಾಯಬೇಕು.

ಗುಡ್ಡದ ಮೇಲೆ ದಾರಿ ಬಹುಪಾಲು ಸಮತಟ್ಟು. ಈರುಳ್ಳಿ ಗುಮ್ಮಟಗಳ ಆ ರಷ್ಯನ್ ಚರ್ಚ್ 1900ರದ್ದು. ಎಸ್ಟೋನಿಯಾ ರಷ್ಯಾದ ದೊರೆಗಳಾದ ತ್ಸಾರರ ಆಳ್ವಿಕೆಯಲ್ಲಿದ್ದಾಗ ಸಂಸತ್ತಿನ ಈಗಿನ ಕಟ್ಟಡಕ್ಕೆ ಮುಖಮಾಡಿ ಕಟ್ಟಿಸಿದ್ದು, ಎಲ್ಲರ ಕಣ್ಣಿಗೂ ಬೀಳಲಿ ಎಂದೇ. ಎದುರಿನ ಗುಲಾಬಿ ಬಣ್ಣದ ಸಂಸತ್ತಿನ ಮೂಲೆಯಲ್ಲಿ ‘ಎತ್ತರದ ಹರ್ಮನ್’ ಎಂಬ ಬುರುಜು, ಅದರ ಮೇಲೆ ನೀಲಿ, ಕಪ್ಪು, ಬಿಳಿ ಬಾವುಟ. ಕೊಹ್ತುಓತ್ಸದಲ್ಲಿ ನಿಂತರೆ ಕೆಂಪು ಹೆಂಚುಗಳ ಆಚೆ ಒಲೆವಿಸ್ತೆ ಶಿಖರ ಕಾಣುತ್ತದೆ, ಅದರಾಚೆ ಸಮುದ್ರ. ನಿಮ್ಮ ಹಡಗು ದೊಡ್ಡದಾಗಿದ್ದರೆ ಮಾಡುಗಳ ಸಾಲಿನ ಮೇಲೆ ಅದರ ಹೊಗೆಕೊಳವೆಯೂ ಕಾಣುತ್ತದೆ, ಆಗ ಅಪ್ಪನವರಿಗೆ ಎಷ್ಟು ಹತ್ತಿರ ಎಂಬುದು ತಾನಾಗಿ ತಿಳಿಯುತ್ತದೆ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳಲಿಲ್ಲ. ನಿಮ್ಮ ದಿನಾಂಕ ಜೂನ್ 24. ಎಸ್ಟೋನಿಯಾದಲ್ಲಿ 23 ಮತ್ತು 24 ಎರಡೂ ಸಾರ್ವಜನಿಕ ರಜೆ. 23ರ ರಾತ್ರಿ ಮಧ್ಯ ಬೇಸಿಗೆಯ ಹಬ್ಬಕ್ಕೆಂದು ಇಡೀ ದೇಶ ಹಳ್ಳಿಗೆ ಹೋಗಿ ಬೆಂಕಿ ಹಾಕಿ ಕುಳಿತಿರುತ್ತದೆ. ಆದ್ದರಿಂದ ನೀವು ನೋಡುವ ಟ್ಯಾಲಿನ್‌ನಲ್ಲಿ ಊರಿನವರು ಕಡಿಮೆ, ಪ್ರವಾಸಿಗರೇ ಹೆಚ್ಚು. ವಸ್ತುಸಂಗ್ರಹಾಲಯಗಳಲ್ಲಿ ಕೆಲವು ಮುಚ್ಚಿರುತ್ತವೆ, ಯಾವುದಕ್ಕೂ ಹೊರಡುವ ಮೊದಲು ಅವರವರ ಜಾಲತಾಣ ನೋಡಿಕೊಳ್ಳಿ. ಸ್ವೀಡನ್, ಫಿನ್‌ಲೆಂಡ್‌ಗಳಲ್ಲೂ ಅದೇ ಹೊತ್ತಿನ ವಾರಾಂತ್ಯಕ್ಕೆ ಈ ಹಬ್ಬ ಬರುತ್ತದೆ. ಹೆಲ್ಸಿಂಕಿಯಂತೂ ಆ ದಿನ ಬಿಕೋ ಎನ್ನುತ್ತಿರುತ್ತದೆ. ನಿಮ್ಮ ಸ್ನೇಹಿತರು ಊರಿನಲ್ಲಿರುತ್ತಾರೆಯೇ ಎಂದು ಈಗಲೇ ಕೇಳಿಡಿ.

ಮಂಗಳೂರಿನಿಂದ

ನಾನು ಕ್ರೂಸ್ ಹಡಗುಗಳ ಊಟದ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಪ್ರಯಾಣಿಕರು ಕೇಳದ, ಆದರೆ ಕೇಳಬೇಕಾದ ಪ್ರಶ್ನೆ ಒಂದೇ: ‘ಹಡಗು ನಿಜಕ್ಕೂ ಎಲ್ಲಿ ನಿಲ್ಲುತ್ತದೆ?’ ಕಾಗದದ ಮೇಲೆ ‘ಬರ್ಲಿನ್’ ಎಂದಿರುತ್ತದೆ, ಹಡಗು ನಿಲ್ಲುವುದು ವಾರ್ನೆಮುಂಡೆಯಲ್ಲಿ. ಅಲ್ಲಿಂದ ಬರ್ಲಿನ್ನಿಗೆ ಹೋಗಲು ಮೂರು ಗಂಟೆ, ಬರಲು ಮೂರು ಗಂಟೆ. ‘ಸ್ಟಾಕ್‌ಹೋಮ್’ ಎಂದಿದ್ದರೂ ದೊಡ್ಡ ಹಡಗುಗಳಲ್ಲಿ ಕೆಲವು ಅರವತ್ತು ಕಿಲೋಮೀಟರ್ ದೂರದ ನ್ಯೂನೆಸ್‌ಹಾಮ್‌ನಲ್ಲಿ ನಿಲ್ಲುತ್ತವೆ. ಅಂಥ ಕಡೆ ಹಡಗಿನವರ ಬಸ್ಸನ್ನೇ ಹಿಡಿಯಿರಿ. ಅವರ ಪ್ರವಾಸ ತಡವಾದರೆ ಹಡಗು ಕಾಯುತ್ತದೆ, ನೀವಾಗಿ ಹೋಗಿ ತಡ ಮಾಡಿದರೆ ಕಾಯುವುದಿಲ್ಲ. ಆ ಹೆಚ್ಚಿನ ಹಣ ಇದಕ್ಕೇ. ಟ್ಯಾಲಿನ್‌ನಲ್ಲಿ ಹಡಗು ದಕ್ಕೆಗೇ ಒರಗಿ ನಿಲ್ಲುತ್ತದೆ, ಸಣ್ಣ ದೋಣಿಯಲ್ಲಿ ದಡ ಸೇರುವ ರಗಳೆಯೂ ಇಲ್ಲ. ಅಲ್ಲಿ ಹೆಚ್ಚಿನ ಹಣ ದಂಡ.

ಐದಕ್ಕೆ ಹೊರಡುತ್ತದೆ ಎಂದರೆ ಸಾಮಾನ್ಯವಾಗಿ ನಾಲ್ಕೂವರೆಗೆ ಎಲ್ಲರೂ ಒಳಗಿರಬೇಕು. ಸ್ವೀಡನ್ನಿನಿಂದ ಫಿನ್‌ಲೆಂಡ್, ಎಸ್ಟೋನಿಯಾ ಕಡೆಗೆ ಬಂದಾಗ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಮೊಬೈಲ್ ತಾನೇ ಬದಲಾಗುತ್ತದೆ, ಕೈಗಡಿಯಾರ ಬದಲಾಗುವುದಿಲ್ಲ, ಹಡಗಿನ ಸಮಯವನ್ನು ಕ್ಯಾಪ್ಟನ್ ತೀರ್ಮಾನಿಸುತ್ತಾನೆ. ಇಳಿಯುವಾಗ ಬಾಗಿಲಿನಲ್ಲಿ ಬರೆದಿರುವ ಸಮಯವನ್ನು ಫೋಟೊ ತೆಗೆದುಕೊಳ್ಳಿ. ನಡುಗಡಲಿನಲ್ಲಿ ಮೊಬೈಲನ್ನು ಏರ್‌ಪ್ಲೇನ್ ಮೋಡಿನಲ್ಲೇ ಇಡಿ. ಹಡಗಿನ ಉಪಗ್ರಹ ಜಾಲಕ್ಕೆ ಅದು ತಗಲಿಕೊಂಡರೆ ಬರುವ ಬಿಲ್ಲಿನ ಮುಂದೆ ಪ್ರವಾಸದ ದರ ಏನೂ ಅಲ್ಲ.

ಊಟದ ಮಾತು. ಟಿಕೆಟ್ ಕಾಯ್ದಿರಿಸುವಾಗಲೇ ಭಾರತೀಯ ಸಸ್ಯಾಹಾರ, ಒಬ್ಬರಿಗೆ ಮೊಟ್ಟೆಯಿಲ್ಲದ್ದು ಎಂದು ಬರೆಸಿ. ಅಷ್ಟಕ್ಕೇ ನೆಚ್ಚಿಕೊಳ್ಳಬೇಡಿ. ಮೊದಲ ರಾತ್ರಿ ಹಿರಿಯ ವೇಟರನ್ನು ಕರೆದು ನಾಳೆ ಏನು ಬೇಕೆಂದು ಹಿಂದಿನ ದಿನವೇ ಹೇಳಿ. ಅಡುಗೆಮನೆಯಲ್ಲಿ ಭಾರತೀಯರು ಇದ್ದರೆ, ಅನೇಕ ಹಡಗುಗಳಲ್ಲಿ ಇರುತ್ತಾರೆ, ದಾಲ್, ಅನ್ನ, ಪಲ್ಯ ಆರಾಮವಾಗಿ ಬರುತ್ತದೆ. ಎಲೆಕ್ಟ್ರಿಕ್ ಕೆಟಲ್, ರೈಸ್ ಕುಕ್ಕರ್, ಇಸ್ತ್ರಿಪೆಟ್ಟಿಗೆ ಒಯ್ಯಬೇಡಿ, ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ. ಬೆಂಕಿಯ ಭಯ, ಅದರಲ್ಲಿ ಯಾರಿಗೂ ವಿನಾಯಿತಿಯಿಲ್ಲ.

ಧಾರವಾಡದಿಂದ

ಹಡಗಿನಲ್ಲಿ ಊಟ ಸಿಗುತ್ತದೆ ಸರಿ, ಊರಿನೊಳಗೆ? ಎಸ್ಟೋನಿಯಾದವರ ಮೂಲ ಊಟ ಹಂದಿ, ಮೀನು, ಆಲೂಗಡ್ಡೆ, ಕಪ್ಪು ರೈ ಬ್ರೆಡ್ಡು. ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಂಡು ತಿಂದರೆ ನಮ್ಮ ಬಾಯಿಗೂ ಹಿಡಿಸುತ್ತದೆ, ಸ್ವಲ್ಪ ಹುಳಿ, ಸ್ವಲ್ಪ ಸಿಹಿ. ಬೇಕರಿಗಳಲ್ಲಿ ‘ಪಿರುಕಸ್’ ಎಂಬ ಕಡುಬಿನಂಥ ತಿಂಡಿ ಇರುತ್ತದೆ. ಒಳಗೆ ಎಲೆಕೋಸು ಅಥವಾ ಗಜ್ಜರಿ ಇರುವುದನ್ನು ಕೇಳಿ ತೆಗೆದುಕೊಳ್ಳಿ, ‘ಲಿಹಾ’ ಎಂದು ಬರೆದಿದ್ದರೆ ಮಾಂಸ. ಆದರೆ ಹಿಟ್ಟಿನಲ್ಲಿ ಅಥವಾ ಮೇಲೆ ಹೊಳಪಿಗೆ ಮೊಟ್ಟೆ ಹಾಕಿರುವುದು ಸಾಮಾನ್ಯ, ಆದ್ದರಿಂದ ನಿಮ್ಮ ತಂದೆಯವರಿಗೆ ಬೇಡ. ಸೂಪಿಗೆ ಮಾಂಸದ ರಸ ಹಾಕುವುದೂ ವಾಡಿಕೆ, ಕೇಳದೆ ಕುಡಿಯಬೇಡಿ. ಹಳೆಯ ಊರಿನಲ್ಲಿ ಭಾರತೀಯ ಹೋಟೆಲುಗಳೂ ಇವೆ, ರಜೆಯ ದಿನವಾದ್ದರಿಂದ ತೆರೆದಿದೆಯೇ ಎಂದು ಫೋನ್ ಮಾಡಿ ಹೋಗಿ.

ಪಿಕ್ ಬೀದಿಯ 16ರಲ್ಲಿ ಮಾಯಿಯಾಸ್ಮೋಕ್ ಎಂಬ ಕಾಫಿ ಅಂಗಡಿ ಇದೆ, 1864ರಿಂದ ನಡೆಯುತ್ತಿದೆ. ಬಾದಾಮಿ ಸಕ್ಕರೆ ಅರೆದು ಮಾಡುವ ಮಾರ್ಜಿಪಾನಿಗೆ ಹೆಸರುವಾಸಿ, ಅದರ ಬೊಂಬೆಗಳಿಗೆ ಪುಟ್ಟ ಕುಂಚದಿಂದ ಬಣ್ಣ ಬಳಿಯುವುದನ್ನೂ ನೋಡಬಹುದು. ನಮ್ಮ ಸಕ್ಕರೆ ಅಚ್ಚು ನೋಡಿ ಬೆಳೆದವರು ಅಲ್ಲಿಂದ ಬೇಗ ಏಳುವುದಿಲ್ಲ. ಕುಳಿತುಕೊಳ್ಳಲು ಒಳ್ಳೆಯ ಜಾಗ, ನಿಮ್ಮ ತಾಯಿಯವರ ವಿಶ್ರಾಂತಿಯನ್ನು ಇಲ್ಲೇ ಇಟ್ಟುಕೊಳ್ಳಿ.

ಊರಿನಿಂದ ತುಪ್ಪದ ಡಬ್ಬಿ, ಪೇಢೆ ಒಯ್ಯಬೇಡಿ. ಹೊರಗಿನ ದೇಶಗಳಿಂದ ಹಾಲಿನ ಪದಾರ್ಥ, ಮಾಂಸ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ಸೀಲ್ ಮಾಡಿದ ಚಟ್ನಿಪುಡಿ, ಪುಳಿಯೋಗರೆ ಗೊಜ್ಜಿನ ಪೊಟ್ಟಣ ಸಾಕು.

ಶಿವಮೊಗ್ಗದಿಂದ

ವೀಸಾ ಬಗ್ಗೆ ಮಾತ್ರ. ನಿಮ್ಮ ಬಂದರುಗಳೆಲ್ಲ ಷೆಂಗೆನ್, ಅಂದರೆ ಒಂದೇ ವೀಸಾ ನಡೆಯುವ ಯೂರೋಪಿನ ದೇಶಗಳಲ್ಲೇ ಇರುವುದರಿಂದ ಒಂದೇ ವೀಸಾ ಸಾಕು. ಹೆಚ್ಚು ದಿನ ಇರುವ ದೇಶಕ್ಕೆ ಅರ್ಜಿ ಹಾಕಬೇಕು, ಎಲ್ಲ ಕಡೆ ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ, ನಿಮಗೆ ಬಹುಶಃ ಡೆನ್ಮಾರ್ಕ್. ಪ್ರಯಾಣಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಏಪ್ರಿಲ್, ಮೇ ತಿಂಗಳಲ್ಲಿ ದಿನಾಂಕ ಸಿಗುವುದೇ ಕಷ್ಟ, ತಡ ಮಾಡಬೇಡಿ. ದೊಡ್ಡವರಿಗೆ ಶುಲ್ಕ 2024ರ ಜೂನ್‌ನಿಂದ 90 ಯೂರೋ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ಹೊರಡುವ ಹಡಗಾಗಿದ್ದರೆ ಬ್ರಿಟನ್ ವೀಸಾ ಬೇರೆ ಬೇಕಿತ್ತು.

ಹಳೆಯ ಪ್ರವಾಸ ಬರಹಗಳಲ್ಲಿ ಈ ಹಾದಿಯ ಮುಖ್ಯ ಆಕರ್ಷಣೆ ಎಂದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ಬಗ್ಗೆ ಪುಟಗಟ್ಟಲೆ ಓದುತ್ತೀರಿ. 2022ರಲ್ಲಿ ಶುರುವಾದ ಉಕ್ರೇನ್ ಯುದ್ಧದ ನಂತರ ಈ ಕ್ರೂಸ್‌ಗಳು ಅಲ್ಲಿಗೆ ಹೋಗುತ್ತಿಲ್ಲ. ಆ ಪುಟಗಳನ್ನು ಬಿಟ್ಟು ಓದಿ.

ಮತ್ತೆ ಜಯನಗರದಿಂದ

ಹೆಲ್ಸಿಂಕಿಯವರ ತಿದ್ದುಪಡಿ ಒಪ್ಪಿದೆ, ಆದರೆ ಪೂರ್ತಿ ಅಲ್ಲ. ಟ್ಯಾಕ್ಸಿಯಲ್ಲಿ ಹತ್ತಿ, ನಡೆದು ಇಳಿಯುವುದು ಎಂದಾದರೆ ಅಮ್ಮನವರಿಗೆ ಕಷ್ಟ ಇರುವುದೇ ಇಳಿಯುವುದರಲ್ಲಿ. ಗುಡ್ಡದಿಂದ ಇಳಿಯಲು ಎರಡು ಓಣಿಗಳಿವೆ. ಲ್ಯುಹಿಕೆ ಯಾಲ್ಗ್ ಮೆಟ್ಟಿಲುಗಳದ್ದು, ಅದು ಬೇಡ. ಪಿಕ್ ಯಾಲ್ಗ್ ಇಳಿಜಾರು, ಆದರೆ ಗುಂಡುಕಲ್ಲು ಹಾಸಿದ್ದು, ಮಳೆ ಬಿದ್ದರೆ ಜಾರುತ್ತದೆ. ಇಳಿಯಲೂ ಟ್ಯಾಕ್ಸಿ ಮಾಡಿ, ಕೋಟೆಯ ಹೊರಗಿನ ಸ್ವಾತಂತ್ರ್ಯ ಚೌಕದ ಬಳಿ ಬಿಡಿಸಿಕೊಳ್ಳಿ. ಅಲ್ಲಿಂದ ಪುರಭವನದ ಚೌಕಕ್ಕೆ ಸ್ವಲ್ಪವೇ ನಡಿಗೆ. ಆಮೇಲೆ ಪಿಕ್ ಬೀದಿಯನ್ನು ನಾನು ಹೇಳಿದ್ದಕ್ಕೆ ತಿರುಗುಮುರುಗಾಗಿ ನೋಡುತ್ತಾ ಬಂದರೆ ಬಂದರಿನ ಕಡೆಗೇ ಬಂದಿರುತ್ತೀರಿ.

ಹೆಲ್ಸಿಂಕಿಯಿಂದ

ಇದು ನನ್ನ ಸಲಹೆಗಿಂತ ಚೆನ್ನಾಗಿದೆ. ಸಮಯ ಉಳಿದರೆ ಟ್ರಾಮ್ ಹಿಡಿದು ಕಾದ್ರಿಯೊರ್ಗ್‌ಗೆ ಹೋಗಿ. ರಷ್ಯಾದ ಪೀಟರ್ ದೊರೆ ತನ್ನ ಹೆಂಡತಿ ಕ್ಯಾಥರೀನಳಿಗಾಗಿ 1718ರಲ್ಲಿ ಶುರುಮಾಡಿಸಿದ ಅರಮನೆ, ಸುತ್ತ ದೊಡ್ಡ ತೋಟ, ಕೂರಲು ಬೇಕಾದಷ್ಟು ಬೆಂಚು. ಅಲ್ಲಿಂದ ಸ್ವಲ್ಪ ಮುಂದೆ ಹಾಡುಹಬ್ಬದ ಮೈದಾನ. 1988ರಲ್ಲಿ ಲಕ್ಷಾಂತರ ಜನ ನಿಂತು, ಸೋವಿಯತ್ ಆಡಳಿತಕ್ಕೆ ಹಿಡಿಸದ ಹಾಡುಗಳನ್ನು ಹಾಡಿದ್ದು ಅಲ್ಲೇ. 1991ರ ಆಗಸ್ಟ್ 20ರಂದು ಎಸ್ಟೋನಿಯಾ ಮತ್ತೆ ಸ್ವತಂತ್ರವಾಯಿತು. ಟ್ರಾಮಿನಲ್ಲಿ ಬ್ಯಾಂಕ್ ಕಾರ್ಡನ್ನೇ ತಾಗಿಸಿ ಹಣ ಕೊಡಬಹುದು. ‘ಟ್ಯಾಲಿನ್‌ನಲ್ಲಿ ಬಸ್ಸು, ಟ್ರಾಮ್ ಪುಕ್ಕಟೆ’ ಎಂದು ಓದಿರುತ್ತೀರಿ, ಅದು ಅಲ್ಲಿ ನೋಂದಾಯಿತ ನಿವಾಸಿಗಳಿಗೆ ಮಾತ್ರ.

ಮೈಸೂರಿನಿಂದ

ಎಲ್ಲರಿಗೂ ಧನ್ಯವಾದ. ಅಪ್ಪನಿಗೆ ಓದಿ ಹೇಳಿದೆ, ಗೆದ್ದವರ ಹಾಗೆ ಬೀಗುತ್ತಿದ್ದಾರೆ. ಒಂದೇ ಅನುಮಾನ: ಅಮ್ಮನಿಗೆ ಹಡಗಿನವರ ಗಾಲಿಕುರ್ಚಿಯನ್ನು ಆ ದಿನಕ್ಕೆ ಕೇಳಿ ಪಡೆಯಬಹುದೇ? ಚಳಿಗೆ ಏನು ಒಯ್ಯಬೇಕು?

ಮಂಗಳೂರಿನಿಂದ

ಹಡಗಿನ ಗಾಲಿಕುರ್ಚಿಗಳು ಹತ್ತಿಸಲು, ಇಳಿಸಲು ಮತ್ತು ತುರ್ತಿಗೆ ಇರುವಂಥವು, ಊರಿನೊಳಗೆ ಒಯ್ಯಲು ಸಾಮಾನ್ಯವಾಗಿ ಕೊಡುವುದಿಲ್ಲ. ಕೊಟ್ಟರೂ ಆ ಗುಂಡುಕಲ್ಲುಗಳ ಸಂದಿನಲ್ಲಿ ಸಣ್ಣ ಚಕ್ರ ಸಿಕ್ಕಿಕೊಳ್ಳುತ್ತದೆ, ತಳ್ಳುವವರಿಗೂ ಕಷ್ಟ, ಕುಳಿತವರಿಗೂ ಕಷ್ಟ. ತುದಿಗೆ ದಪ್ಪ ರಬ್ಬರ್ ಇರುವ ಊರುಗೋಲು, ಅಡಿ ಜಾರದ ಬೂಟು, ಇವೆರಡನ್ನು ಮೈಸೂರಿನಲ್ಲೇ ಕೊಂಡು ಒಂದು ತಿಂಗಳು ರೂಢಿ ಮಾಡಿಸಿ. ಹಗಲಿನಲ್ಲಿ ಇಪ್ಪತ್ತು ಡಿಗ್ರಿಯ ಆಸುಪಾಸು ಇರುತ್ತದೆ, ಆದರೆ ಕೊಲ್ಲಿಯ ಗಾಳಿ ಬೀಸಿದರೆ ಸ್ವೆಟರ್ ಸಾಲದು, ಗಾಳಿ ತಡೆಯುವ ಟೊಪ್ಪಿಯಿರುವ ಜಾಕೆಟ್ ಬೇಕು. ಕೊಡೆ ಅಲ್ಲಿ ತಿರುಗಿ ಬೀಳುತ್ತದೆ, ಮನೆಯಲ್ಲೇ ಬಿಡಿ.