ಅಪ್ಪ ಅಮ್ಮ ಮೊದಲ ಸಲ ದುಬೈಗೆ: ಕಡಿಮೆ ದರದ ವಿಮಾನಕ್ಕೆ ಸಾಮಾನು ಹೇಗೆ ಕಟ್ಟಿಸಲಿ? ಅನುಭವ ಇದ್ದವರು ಹೇಳಿ

ಪುತ್ತೂರಿನ ಮಗಳು, ದುಬೈ

ಮುಂದಿನ ತಿಂಗಳು ಅಪ್ಪ ಅಮ್ಮ ಮಂಗಳೂರಿನಿಂದ ನೇರ ಇಲ್ಲಿಗೆ ಬರುತ್ತಿದ್ದಾರೆ. ಇಬ್ಬರೂ ವಿಮಾನ ಹತ್ತುವುದು ಇದೇ ಮೊದಲು. ಟಿಕೆಟ್ ಕಡಿಮೆ ದರದ್ದು, ನಾನೇ ತೆಗೆದದ್ದು. ತಲಾ 20 ಕಿಲೋ ಚೆಕ್-ಇನ್, 7 ಕಿಲೋ ಕೈಚೀಲ ಎಂದು ಅದರಲ್ಲಿದೆ. ಅಮ್ಮನ ಪಟ್ಟಿ ಈಗಾಗಲೇ ತಯಾರು: ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಮನೆಯ ತೆಂಗಿನೆಣ್ಣೆ, ಕೊಬ್ಬರಿ, ಕುಚ್ಚಲಕ್ಕಿ, ಪಾಯಸಕ್ಕೆ ಗಸಗಸೆ, ತುಪ್ಪ, ಮೊಮ್ಮಗನಿಗೆ ಕಾಡಿಗೆ.

ಕಳೆದ ವರ್ಷ ಊರಿನಿಂದ ಹಿಂದೆ ಬರುವಾಗ ಒಂದು ವಿಮಾನ ನಿಲ್ದಾಣದ ಕೌಂಟರ್ ಎದುರು ಅಮ್ಮನ ಪ್ರಾಯದ ಹೆಂಗಸೊಬ್ಬರು ನೆಲದಲ್ಲಿ ಕೂತು ಪೆಟ್ಟಿಗೆ ಬಿಚ್ಚಿದ್ದನ್ನು ನೋಡಿದ್ದೆ. ನಾಲ್ಕು ಕಿಲೋ ಹೆಚ್ಚಾಗಿತ್ತಂತೆ. ಸಾಲಿನಲ್ಲಿದ್ದವರ ಎದುರಿಗೇ ಬಟ್ಟೆಬರೆ ಎಲ್ಲ ಹೊರಗೆ ಬಂತು. ಕಟ್ಟಿ ತಂದ ಡಬ್ಬಿಗಳನ್ನು ಅವರೇ ಕೈಯಾರೆ ಕಸದ ಬುಟ್ಟಿಗೆ ಹಾಕಿದರು. ನನ್ನ ಅಮ್ಮನಿಗೆ ಆ ಗತಿ ಬರಬಾರದು. ಬೇರೆ ದೇಶಗಳಿಗೆ ಹೋದವರೂ ನಿಮ್ಮ ಅನುಭವ ಹೇಳಿ, ಇನ್ನೊಬ್ಬರಿಗೆ ಬೇಕಾಗುತ್ತದೆ.

ಕುಂದಾಪುರದವ, ಹನ್ನೊಂದು ವರ್ಷ ಕೊಲ್ಲಿಯಲ್ಲಿ

ಅಕ್ಕ, ತೂಕದ ಮಾತು ಆಮೇಲೆ. ಮೊದಲು ಅಮ್ಮನ ಪಟ್ಟಿಯಿಂದ ಗಸಗಸೆ ತೆಗೆಸಿ, ಇವತ್ತೇ. ಯುಎಇಯಲ್ಲಿ ಗಸಗಸೆ ನಿಷಿದ್ಧ ವಸ್ತು. ಅಫೀಮಿನ ಗಿಡದ ಬೀಜ ಅದು, ಅಲ್ಲಿಯ ಕಾನೂನು ಅದನ್ನು ಮಾದಕ ವಸ್ತುವಿನ ಲೆಕ್ಕದಲ್ಲಿ ನೋಡುತ್ತದೆ. ನಮಗದು ಹಬ್ಬದ ಪಾಯಸ, ಅಲ್ಲಿ ಪೊಲೀಸ್ ಕೇಸು. ಒಂದು ಚಮಚವೂ ಬೇಡ. ಗಸಗಸೆ ಹಾಕಿ ಅರೆದ ಮಸಾಲೆ ಪುಡಿಯೂ ಬೇಡ. ಹೆಚ್ಚಿನ ತೂಕಕ್ಕೆ ದುಡ್ಡು ಕಟ್ಟಿ ಪಾರಾಗಬಹುದು, ಇದಕ್ಕೆ ಆ ದಾರಿ ಇಲ್ಲ.

ಇನ್ನೊಂದು ಪ್ರಶ್ನೆ. ನಿಮ್ಮ ಅಪ್ಪ ಎಲೆಯಡಿಕೆ ಹಾಕುತ್ತಾರಾ? ಪುತ್ತೂರಿನ ಕಡೆಯವರು ಎಂದದ್ದಕ್ಕೆ ಕೇಳಿದೆ. ವೀಳ್ಯದೆಲೆ, ಪಾನ್ ಇವೆಲ್ಲ ದುಬೈ ಕಸ್ಟಮ್ಸ್‌ನ ನಿಷಿದ್ಧ ಪಟ್ಟಿಯಲ್ಲಿವೆ. ಅಂಗಿ ಜೇಬಿನಲ್ಲಿ ಒಂದು ಕಟ್ಟು ಮರೆತು ಉಳಿದರೂ ತೊಂದರೆ. ಹೊರಡುವ ದಿನ ಜೇಬು, ಸೊಂಟದ ಚೀಲ ಎರಡನ್ನೂ ಯಾರಾದರೂ ನೋಡಲಿ.

ಔಷಧಿಗೂ ಇದೇ ಎಚ್ಚರ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಾಮಡಾಲ್ ಇರುವ ನೋವಿನ ಗುಳಿಗೆ ನಮ್ಮಲ್ಲಿ ವೈದ್ಯರು ಸಾಮಾನ್ಯವಾಗಿ ಬರೆಯುತ್ತಾರೆ. ಯುಎಇಗೆ ಅವನ್ನು ತರಲು ಅಲ್ಲಿಯ ಸರ್ಕಾರದ ಅನುಮತಿ ಮೊದಲೇ ಪಡೆಯಬೇಕು. ಬಿಪಿ, ಶುಗರಿನ ಗುಳಿಗೆಗಳು ವೈದ್ಯರ ಚೀಟಿಯ ಸಮೇತ, ಅಂಗಡಿಯಿಂದ ಬಂದ ಸ್ಟ್ರಿಪ್ಪಿನಲ್ಲೇ, ಕೈಚೀಲದಲ್ಲಿ ಇರಲಿ. ಇನ್ಸುಲಿನ್ ಇದ್ದರೆ ಅದಂತೂ ಕೈಯಲ್ಲೇ. ಕೆಳಗಿನ ಸಾಮಾನು ಕೋಣೆಯ ಚಳಿಗೆ ಹೆಪ್ಪುಗಟ್ಟಿದರೆ ಮತ್ತೆ ಉಪಯೋಗಕ್ಕಿಲ್ಲ.

ಸುಳ್ಯದ ಸೊಸೆ

ಕೊಬ್ಬರಿಯ ಮಾತು ಯಾರೂ ಎತ್ತಲಿಲ್ಲ. ನಾನು ಅನುಭವಿಸಿ ಕಲಿತದ್ದು ಅದನ್ನೇ. ಒಣ ಕೊಬ್ಬರಿ ಕೈಚೀಲದಲ್ಲೂ ಇಲ್ಲ, ಚೆಕ್-ಇನ್‌ನಲ್ಲೂ ಇಲ್ಲ. ನನ್ನ ಅತ್ತೆ ಆರು ಗಿಟುಕು ಬಟ್ಟೆಯ ನಡುವೆ ಇಟ್ಟಿದ್ದರು. ಸ್ಕ್ಯಾನರಿನಲ್ಲಿ ಕಂಡಿತು, ಪೆಟ್ಟಿಗೆ ಬಿಚ್ಚಿಸಿದರು. ನಮ್ಮ ಅಟ್ಟದ ಮೇಲೆ ವರ್ಷವಿಡೀ ಬಿದ್ದಿರುವ ವಸ್ತುವಿನಿಂದ ಏನು ಅಪಾಯ ಎಂದು ಅತ್ತೆ ಇವತ್ತಿಗೂ ಕೇಳುತ್ತಾರೆ. ಅವರಿಗೆ ನಾನು ಹೇಳುವುದು ಹೀಗೆ: ಒಣಗಿದ ತಿರುಳಿನಲ್ಲಿ ಎಣ್ಣೆ ಜಾಸ್ತಿ, ಗಾಳಿಯಾಡದ ಕಡೆ ಒತ್ತಿಟ್ಟರೆ ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಅಪಾಯಕಾರಿ ಸರಕಿನ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದಕ್ಕೆ ಒಂದು ಸಂಖ್ಯೆಯೇ ಇದೆ, ಯುಎನ್ 1363. ಶಬರಿಮಲೆಗೆ ಹೋಗುವವರ ಇರುಮುಡಿಯ ಕಾಯಿಗೂ 2024ರ ಅಕ್ಟೋಬರಿನಲ್ಲಿ ಪ್ರತ್ಯೇಕ ಆದೇಶ ಹೊರಡಿಸಿ, 2025ರ ಜನವರಿ 20ರ ತನಕ ಮಾತ್ರ, ತಪಾಸಣೆ ಮಾಡಿಯೇ ಕೈಯಲ್ಲಿ ಒಯ್ಯಲು ಬಿಟ್ಟದ್ದು. ಹಾಗಿರುವಾಗ ನಮ್ಮ ಗಿಟುಕನ್ನು ಬಿಡುತ್ತಾರಾ?

ಎಣ್ಣೆ, ತುಪ್ಪ, ಉಪ್ಪಿನಕಾಯಿ ಮೂರೂ ಚೆಕ್-ಇನ್‌ಗೆ. ಕೈಚೀಲದಲ್ಲಿ ದ್ರವ ಪದಾರ್ಥ 100 ಮಿಲಿಲೀಟರ್ ಮೀರಿದರೆ ಹೊರದೇಶದ ವಿಮಾನಕ್ಕೆ ಬಿಡುವುದಿಲ್ಲ, ಮೆಣಸಿನ ಪುಡಿಯನ್ನೂ ಬಿಡುವುದಿಲ್ಲ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೆ ಕರಗುವಂಥದ್ದು. ಮೇಲೆ ಹೋದಾಗ ಗಟ್ಟಿಯಾಗಿ, ದುಬೈಯ ಸೆಕೆಗೆ ಇಳಿದ ಕೂಡಲೇ ನೀರಾಗುತ್ತದೆ. ಸೋರುವುದು ಆಗ. ಬಾಟಲಿಯನ್ನು ಬಾಯಿ ಮಟ್ಟ ತುಂಬಿಸಬೇಡಿ. ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಬಿಗಿಯಿರಿ, ಹೊರಗೆ ಎರಡು ಜಿಪ್ ಚೀಲ, ಅದರ ಮೇಲೆ ಹಳೆ ಬೈರಾಸು. ಮಿಡಿಯನ್ನು ಭರಣಿಯಲ್ಲಿ ಕಳಿಸಬೇಡಿ. ಭರಣಿಯದ್ದೇ ಒಂದು ಕಿಲೋ.

ಹಪ್ಪಳದ ಚಿಂತೆ ಬೇಡ. ಅದು ಜಾಗ ಹಿಡಿಯುತ್ತದೆ, ತೂಕ ಇಲ್ಲ. ಚಪ್ಪಟೆ ಡಬ್ಬಿಯಲ್ಲಿ ಹಾಕಿ ಕೈಚೀಲಕ್ಕೆ ಕೊಟ್ಟರೆ ಒಂದೂ ಮುರಿಯುವುದಿಲ್ಲ. ಕುಚ್ಚಲಕ್ಕಿ ಮಾತ್ರ ಖಂಡಿತ ಬೇಡ. ದುಬೈಯಲ್ಲೇ ಕರಾಮದ ಅಂಗಡಿಗಳಲ್ಲಿ ಸಿಗುತ್ತದೆ. ಐದು ಕಿಲೋ ಅಕ್ಕಿಯ ಜಾಗದಲ್ಲಿ ಅಮ್ಮನ ಕೈಯ ಅಡುಗೆ ಎಷ್ಟು ಬರುತ್ತದೆ ಯೋಚಿಸಿ!

ಅಡಿಕೆ ತೋಟದವ, ಬೆಳ್ತಂಗಡಿ

ತೂಗುವುದಕ್ಕೆ ಹೊಸ ಯಂತ್ರ ಯಾಕೆ? ನಿಮ್ಮ ಮನೆಯಲ್ಲಿ ಅಡಿಕೆ ತೂಗುವ ತಕ್ಕಡಿ ಇರುತ್ತದಲ್ಲ. ನಾವು ಮಗನನ್ನು ಕಳಿಸುವಾಗ ಅದರಲ್ಲೇ ತೂಗಿದ್ದು, ಬಜಪೆ ವಿಮಾನ ನಿಲ್ದಾಣದ ಕೌಂಟರಿನಲ್ಲಿ 200 ಗ್ರಾಮ್ ಕೂಡ ವ್ಯತ್ಯಾಸ ಬರಲಿಲ್ಲ. ಅದಿಲ್ಲದವರು ಮನುಷ್ಯರು ನಿಲ್ಲುವ ತೂಕದ ಯಂತ್ರದ ಮೇಲೆ ಪೆಟ್ಟಿಗೆ ಹಿಡಿದು ಒಮ್ಮೆ, ಬರಿಗೈಯಲ್ಲಿ ಒಮ್ಮೆ ನಿಂತು ಕಳೆದರಾಯಿತು.

ಮೊದಲು ಖಾಲಿ ಪೆಟ್ಟಿಗೆಯನ್ನು ತೂಗಿ. ನಮ್ಮ ಹಳೆಯ ಗಟ್ಟಿ ಸೂಟ್‌ಕೇಸ್ ಬರಿದೇ ಐದೂವರೆ ಕಿಲೋ ಇತ್ತು. ಬಟ್ಟೆಯ ಟ್ರಾಲಿಗೆ ಬದಲಾಯಿಸಿದ್ದಕ್ಕೆ ಎರಡೂವರೆ ಕಿಲೋ ಉಳಿಯಿತು. 20ಕ್ಕೆ ಸರಿಯಾಗಿ ತುಂಬಬೇಡಿ, ಹತ್ತೊಂಬತ್ತಕ್ಕೆ ಕೈ ನಿಲ್ಲಿಸಿ. ಕೈಚೀಲ ತೂಗುವಾಗ ಅಮ್ಮನ ವ್ಯಾನಿಟಿ ಬ್ಯಾಗನ್ನೂ ಜೊತೆಗಿಡಿ, ಕೆಲವು ಕಡೆ ಎರಡನ್ನೂ ಒಟ್ಟಿಗೆ ತೂಗುತ್ತಾರೆ.

ಧಾರವಾಡದಾಕಿ

ನಮ್ಮದು ಬ್ಯಾರೆ ಕಥಿ, ಆದ್ರ ಹೇಳ್ಬೇಕು. ಅವ್ವ ಅಪ್ಪ ಅಮೆರಿಕಾದಾಗ ಅಣ್ಣನ ಮನ್ಯಾಗ ಆರು ತಿಂಗಳಿದ್ದು ವಾಪಸ್ ಬಂದ್ರು. ಒಬ್ಬೊಬ್ಬರಿಗೆ 23 ಕಿಲೋದ ಎರಡೆರಡು ಪೆಟ್ಟಿಗಿ, ಅಂದ್ರ 46 ಕಿಲೋ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಅಣ್ಣ ಬ್ಯಾರೆ ಟಿಕೆಟ್ ತಗಿಸಿದ್ದ. ಅದರಾಗ ತಲಾ 15 ಕಿಲೋ ಅಷ್ಟ. ಬೆಳಗಿನ ಜಾವ ನಾಕ ಗಂಟೆಕ್ಕ ಕೌಂಟರಿನ್ಯಾಗ 62 ಕಿಲೋಕ್ಕ ರೊಕ್ಕ ಕಟ್ರಿ ಅಂದಾಗ ನಮ್ಮಪ್ಪ ಗಾಬರಿ ಆಗಿ ಸುಮ್ನ ನಿಂತುಬಿಟ್ಟಿದ್ರಂತ. ಕಡೀಕ ವಿಮಾನ ಬಿಟ್ಟು ಟ್ಯಾಕ್ಸಿ ಮಾಡ್ಕೊಂಡು ಊರಿಗೆ ಬಂದ್ರು. ಎಪ್ಪತ್ತರ ಮ್ಯಾಲಿನ ವಯಸ್ಸು, ಇಪ್ಪತ್ತು ತಾಸಿನ ಪ್ರವಾಸ ಮುಗಿಸಿ ಮತ್ತ ನಾಕನೂರು ಕಿಲೋಮೀಟರ್. ಇವತ್ತಿಗೂ ನೆನಸಿದ್ರ ಕಣ್ಣಾಗ ನೀರ ಬರ್ತಾವ.

ಎಲ್ಲಾ ಹಾರಾಟ ಒಂದ ಪಿಎನ್‌ಆರ್‌ದಾಗ ಇದ್ರ ಸಾಮಾನ್ಯವಾಗಿ ದೊಡ್ಡ ಪ್ರವಾಸದ ತೂಕಾನ ಕಡೀತನಕ ನಡೀತದ. ಬ್ಯಾರೆ ಬ್ಯಾರೆ ಟಿಕೆಟ್ ಆದ್ರ ಎರಡನೇದ್ದು ಅದರದ್ದ ಲೆಕ್ಕ. ಟಿಕೆಟ್ ಅಗ್ಗ ಸಿಕ್ತು ಅಂತ ತಗಿಸೋ ಮೊದಲ ಇದನ್ನ ನೋಡ್ರಿ. ಇನ್ನ ಹುಬ್ಬಳ್ಳಿ, ಶಿವಮೊಗ್ಗ, ಮೈಸೂರಿನಂಥಾ ಊರಿಗೆ ಎಟಿಆರ್ ಸಣ್ಣ ವಿಮಾನ ಹಾಕಿದ್ರ ಮ್ಯಾಲಿನ ಕಪಾಟು ಭಾಳ ಇಕ್ಕಟ್ಟು. ಟ್ರಾಲಿ ಹಿಡಸಂಗಿಲ್ಲ, ಮೆಟ್ಟಿಲ ಹತ್ರನ ಇಸ್ಕೊಂಡು ಕೆಳಗ ಹಾಕ್ತಾರ. ಗುಳಗಿ, ಬಂಗಾರ, ಪಾಸ್‌ಪೋರ್ಟ್ ಮೈಮ್ಯಾಲಿನ ಸಣ್ಣ ಚೀಲದಾಗ ಇರ್ಲಿ.

ಡಬ್ಲಿನ್‌ನಲ್ಲಿ ಓದುತ್ತಿರುವ ತುಮಕೂರಿನ ಹುಡುಗ

ಯುರೋಪಿನ ಕಡಿಮೆ ದರದ ವಿಮಾನಗಳಲ್ಲಿ ತೂಕಕ್ಕಿಂತ ಅಳತೆ ಮುಖ್ಯ. ಅಗ್ಗದ ಟಿಕೆಟ್‌ಗೆ ಸಿಗುವುದು ಸೀಟಿನ ಕೆಳಗೆ ಹಿಡಿಯುವ ಒಂದು ಚೀಲ ಅಷ್ಟೇ. ವಿಜ್ ಏರ್‌ನಲ್ಲಿ 40×30×20 ಸೆಂಟಿಮೀಟರ್, ಈಸಿಜೆಟ್‌ನಲ್ಲಿ 45×36×20. ಚಕ್ರ, ಹಿಡಿಕೆ, ಹೊರಗಿನ ಜೇಬು ಎಲ್ಲವೂ ಅಳತೆಗೆ ಸೇರುತ್ತವೆ. ಗೇಟಿನ ಹತ್ತಿರ ಕಬ್ಬಿಣದ ಚೌಕಟ್ಟು ಇಟ್ಟಿರುತ್ತಾರೆ, ಅದರೊಳಗೆ ಇಳಿಯದಿದ್ದರೆ ಟಿಕೆಟ್‌ಗಿಂತ ಹೆಚ್ಚು ದುಡ್ಡು ಕೊಡಬೇಕಾಗಬಹುದು. ನಾನು ಒಮ್ಮೆ ಕೊಟ್ಟಿದ್ದೇನೆ, 19 ಯೂರೋ ಟಿಕೆಟ್‌ಗೆ 60 ಯೂರೋ ಚೀಲ. ಆ ತಿಂಗಳ ಕೊನೆಯ ವಾರ ಅನ್ನ ಮೊಸರಿನಲ್ಲಿ ಕಳೆಯಿತು. ಈಗ ಮೆತ್ತಗಿನ ಬೆನ್ನುಚೀಲ ಮಾತ್ರ, ಅದು ಒತ್ತಿದರೆ ಇಳಿಯುತ್ತದೆ.

ಕೈಚೀಲಕ್ಕೆ ಹೀಗೆ ದುಡ್ಡು ಕೇಳುವುದು ಸರಿಯೇ ಎಂಬ ಜಗಳ ಇಲ್ಲಿ ಇನ್ನೂ ಮುಗಿದಿಲ್ಲ. ಅಳತೆ, ತೂಕ ಹದವಾಗಿದ್ದರೆ ಕೈಚೀಲಕ್ಕೆ ಬೇರೆ ಶುಲ್ಕ ಹಾಕಬಾರದು ಎಂದು ಯುರೋಪಿನ ನ್ಯಾಯಾಲಯ 2014ರಲ್ಲೇ ಹೇಳಿದೆ. 2024ರ ನವೆಂಬರಿನಲ್ಲಿ ಸ್ಪೇನ್ ಸರ್ಕಾರ ಐದು ಕಂಪನಿಗಳಿಗೆ ಒಟ್ಟು 17.9 ಕೋಟಿ ಯೂರೋ ದಂಡ ಹಾಕಿತು. ಆದರೆ ಗೇಟಿನಲ್ಲಿ ನಿಂತಿರುವ ನಮಗೆ ತೀರ್ಪು ಓದಿ ಹೇಳುವ ಸಮಯ ಇರುವುದಿಲ್ಲ. ಮನೆಯಲ್ಲೇ ಟೇಪು ಹಿಡಿದು ಅಳೆಯಿರಿ.

ಆಗ್ನೇಯ ಏಷ್ಯಾಕ್ಕೆ ಹೋಗುವವರಿಗೂ ಒಂದು ಮಾತು. ಬೆಂಗಳೂರಿನಿಂದ ಕೌಲಾಲಂಪುರಕ್ಕೆ ಹೋಗುವ ಏರ್‌ಏಷ್ಯಾದ ಅಗ್ಗದ ಟಿಕೆಟ್‌ನಲ್ಲಿ ಚೆಕ್-ಇನ್ ಸಾಮಾನು ಸೇರಿರುವುದಿಲ್ಲ, ಬೇಕಾದರೆ ಕೊಳ್ಳಬೇಕು. ನಮ್ಮ ದೇಶದೊಳಗೂ ಹಾಗೆ ಶುರುವಾಗಿದೆ. ಚೆಕ್-ಇನ್ ಇಲ್ಲದವರಿಗೆ ದರ ಇಳಿಸಬಹುದು ಎಂದು ವಿಮಾನಯಾನ ನಿಯಂತ್ರಕ ಡಿಜಿಸಿಎ 2021ರಲ್ಲಿ ಒಪ್ಪಿಗೆ ಕೊಟ್ಟಿತು. ಟಿಕೆಟ್ ಯಾಕೆ ಅಗ್ಗ ಎಂದು ಕೆಳಗಿನ ಸಾಲಿನ ತನಕ ಓದಿ.

ಕುಂದಾಪುರದವ, ಹನ್ನೊಂದು ವರ್ಷ ಕೊಲ್ಲಿಯಲ್ಲಿ

ಬಿಟ್ಟುಹೋದದ್ದು ಕೆಲವು. ತೂಕ ಮೀರುತ್ತದೆ ಎಂದು ಅನಿಸಿದರೆ ಈಗಲೇ ಆನ್‌ಲೈನ್‌ನಲ್ಲಿ ಐದು ಕಿಲೋ ಕೊಂಡುಬಿಡಿ. ಕೌಂಟರಿನ ದರಕ್ಕಿಂತ ಕಡಿಮೆ ಬೀಳುತ್ತದೆ, ಅದಕ್ಕಿಂತ ದೊಡ್ಡದು ಅಪ್ಪ ಅಮ್ಮನ ನಿಶ್ಚಿಂತೆ. ಇಬ್ಬರೂ ಒಂದೇ ಪಿಎನ್‌ಆರ್‌ನಲ್ಲಿದ್ದರೆ ಒಟ್ಟಿಗೇ ಕೌಂಟರಿಗೆ ಹೋಗಲಿ, ನನ್ನ ಅಪ್ಪ ಅಮ್ಮನಿಗೆ ಇಬ್ಬರದ್ದೂ ಕೂಡಿಸಿ ನೋಡಿದರು. ಎಲ್ಲ ಕಡೆ ಹಾಗೆ ಮಾಡುವುದಿಲ್ಲ, ಮೊದಲೇ ಕೇಳಿಕೊಳ್ಳಿ. ಎಷ್ಟೇ ದುಡ್ಡು ಕಟ್ಟಿದರೂ ಒಂದೇ ಪೆಟ್ಟಿಗೆ 32 ಕಿಲೋ ಮೀರುವಂತಿಲ್ಲ. ಅದು ಎತ್ತುವವರ ಬೆನ್ನಿನ ಸಲುವಾಗಿ ಇರುವ ಮಿತಿ, ನ್ಯಾಯವಾದದ್ದು.

ಪವರ್ ಬ್ಯಾಂಕ್ ಚೆಕ್-ಇನ್ ಪೆಟ್ಟಿಗೆಯಲ್ಲಿ ಇರಲೇಬಾರದು. ಕೈಚೀಲದಲ್ಲಿ 100 ವಾಟ್-ಅವರ್ ತನಕ ಸರಿ, ಮಾಮೂಲಿ 20,000 ಎಂಎಎಚ್‌ನದ್ದು 74 ಬರುತ್ತದೆ.

ವೀಲ್‌ಚೇರ್ ಕೇಳಿಡಿ. ನಡೆಯಲು ಕಷ್ಟ ಇಲ್ಲದಿದ್ದರೆ ಬೇಡ, ಮಂಡಿ ನೋವು ಇದ್ದರೆ ಸಂಕೋಚ ಬೇಡ. 48 ಗಂಟೆ ಮೊದಲು ತಿಳಿಸಬೇಕು. ಹೊರದೇಶದ ವಿಮಾನಕ್ಕೆ ಕೌಂಟರ್ ಕನಿಷ್ಠ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಮೂರು ಗಂಟೆ ಮೊದಲು ಅಲ್ಲಿದ್ದರೆ ಪೆಟ್ಟಿಗೆ ಬಿಚ್ಚುವ ಸಂದರ್ಭ ಬಂದರೂ ಒಂದು ಬದಿಗೆ ಹೋಗಿ ಸಾವಕಾಶ ಬಿಚ್ಚಬಹುದು.

ಹಿಂದೆ ಹೋಗುವಾಗಿನದ್ದನ್ನೂ ಹೇಳಿಬಿಡುತ್ತೇನೆ. ಬೆಡ್‌ಶೀಟಿನಲ್ಲಿ ಕಟ್ಟಿದ ಗುಂಡಗಿನ ಗಂಟುಗಳನ್ನು ದುಬೈ ವಿಮಾನ ನಿಲ್ದಾಣ 2017ರಿಂದ ಸೇರಿಸುವುದಿಲ್ಲ, ಒಂದು ಬದಿಯಾದರೂ ಚಪ್ಪಟೆ ಇರಬೇಕು.

ಮಂಗಳೂರಿನ ವಕೀಲೆ

ಪೆಟ್ಟಿಗೆ ಬರಲೇ ಇಲ್ಲ, ಒಡೆದು ಬಂತು ಎಂದಾದರೆ ನಿಲ್ದಾಣ ಬಿಡುವ ಮೊದಲೇ ಪಿಐಆರ್, ಅಂದರೆ ಸಾಮಾನಿನ ತೊಂದರೆಯ ವರದಿ, ಬರೆಸಿ, ಪ್ರತಿ ತೆಗೆದುಕೊಳ್ಳಿ. ಹಾನಿಗೆ ಏಳು ದಿನದೊಳಗೆ, ತಡವಾಗಿ ಬಂದದ್ದಕ್ಕೆ ಕೈಗೆ ಸಿಕ್ಕ ದಿನದಿಂದ 21 ದಿನದೊಳಗೆ ಲಿಖಿತ ದೂರು ಕೊಡಬೇಕು. ಟಿಕೆಟ್ ಅಗ್ಗದ್ದು ಎಂದು ಹೊಣೆ ಅಗ್ಗವಾಗುವುದಿಲ್ಲ. ಭಾರತ, ಯುಎಇ ಎರಡೂ ವಿಮಾನ ಕಂಪನಿಗಳ ಹೊಣೆ ಗೊತ್ತುಮಾಡುವ ಮಾಂಟ್ರಿಯಲ್ ಒಪ್ಪಂದದಲ್ಲಿವೆ. ಅದರ ಪ್ರಕಾರ ಸಾಮಾನಿನ ಪರಿಹಾರದ ಮಿತಿ 2024ರ ಡಿಸೆಂಬರ್ 28ರಿಂದ ಒಬ್ಬರಿಗೆ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ), ಒಂದೂವರೆ ಲಕ್ಷ ರೂಪಾಯಿಗೂ ಹೆಚ್ಚು. ಇದು ಗರಿಷ್ಠ ಮಿತಿ, ನಷ್ಟ ತೋರಿಸಿದಷ್ಟು ಸಿಗುವುದು. ಪೆಟ್ಟಿಗೆ ಮುಚ್ಚುವ ಮೊದಲು ಒಳಗಿನದ್ದರ, ಹೊರಗಿನದ್ದರ ಫೋಟೋ ತೆಗೆದಿಡಿ.

ಪುತ್ತೂರಿನ ಮಗಳು, ದುಬೈ

ಎಲ್ಲರಿಗೂ ಕೈಮುಗಿದೆ. ಗಸಗಸೆಯ ವಿಷಯ ಓದಿ ಎದೆ ಝಲ್ ಎಂದಿತು. ಕೂಡಲೇ ಅಮ್ಮನಿಗೆ ಫೋನ್ ಮಾಡಿದೆ. ಆಗಲೇ ಪೊಟ್ಟಣ ಕಟ್ಟಿ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದರು. ಈಗ ಅದು ಅಡುಗೆ ಕೋಣೆಗೆ ಹಿಂದೆ ಹೋಗಿದೆ. ಕೊಬ್ಬರಿ, ಅಕ್ಕಿ ಎರಡೂ ಹೊರಗೆ. ಅಪ್ಪ ನಿನ್ನೆ ಸಂಜೆ ಅಡಿಕೆ ತಕ್ಕಡಿಯಲ್ಲಿ ತೂಗಿದರು: ಒಂದು 17.6, ಇನ್ನೊಂದು 18.9. ಅಮ್ಮನದ್ದು ಒಂದೇ ಆಸೆ ಉಳಿದಿದೆ. ಹೊರಡುವ ದಿನ ಬೆಳಗ್ಗೆ ಎರಡು ಚೆಂಡು ಮಲ್ಲಿಗೆ ತಂದು ಬಾಳೆಲೆಯಲ್ಲಿ ಸುತ್ತಿ ಕೈಚೀಲದಲ್ಲಿ ಇಡಬಹುದಾ ಎಂದು ಕೇಳುತ್ತಿದ್ದಾರೆ. ತಂದವರು ಯಾರಾದರೂ ಇದ್ದರೆ ಹೇಳಿ.

ಅಪ್ಪ ಎಲೆಯಡಿಕೆ ಹಾಕುತ್ತಾರೆ, ದಿನಕ್ಕೆ ಏಳೆಂಟು ಸಲ. ಅವರಿಗೆ ಇವತ್ತು ರಾತ್ರಿ ಹೇಳಬೇಕು.

ಸುಳ್ಯದ ಸೊಸೆ

ಮಲ್ಲಿಗೆ ನಾನು ತಂದಿದ್ದೇನೆ, ಕೈಚೀಲದಲ್ಲೇ. ಯಾರೂ ತಡೆಯಲಿಲ್ಲ. ಬಾಳೆಲೆಗೆ ನೀರು ಚಿಮುಕಿಸಬೇಡಿ, ಬಾಡಿಸಿದ ಎಲೆಯಲ್ಲಿ ಒಣಗಿದ ಹಾಗೇ ಸುತ್ತಿ. ನಾನು ಮನೆ ಮುಟ್ಟಿದ ಮೇಲೆ ಮೊಗ್ಗು ಬಿರಿಯಿತು.