ದೊಡ್ಡಪ್ಪನ ಜಪಾನ್ ವಿಡಿಯೋ, ಚಿಕ್ಕಪ್ಪನ ಬಾತ್‌ರೂಮು

ದೊಡ್ಡಪ್ಪ: (ಹಲವು ಸಲ ಫಾರ್ವರ್ಡ್ ಆಗಿದೆ) ಟೋಕಿಯೋದ ಒಳಚರಂಡಿ ನೋಡಿ!! ದೇವಸ್ಥಾನದ ಹಾಗೆ ಕಂಬಗಳು. ನಮ್ಮಲ್ಲಿ ನಾಲ್ಕು ಹನಿ ಬಿದ್ದರೆ ಮ್ಯಾನ್‌ಹೋಲ್ ಉಕ್ಕುತ್ತೆ. ಹತ್ತು ಜನಕ್ಕೆ ಕಳಿಸಿ.

ಪದ್ಮತ್ತೆ: 🙏🙏 ಯಾವ ದೇವಸ್ಥಾನ ಅಣ್ಣಾ?

ರವಿ: ದೊಡ್ಡಪ್ಪ, ಅದು ಒಳಚರಂಡಿನೇ ಅಲ್ಲ. ಟೋಕಿಯೋ ಪಕ್ಕದ ಸೈತಾಮಾದಲ್ಲಿರೋದು. ಸಣ್ಣ ನದಿಗಳು ಉಕ್ಕಿದಾಗ ನೀರನ್ನ 50 ಮೀಟರ್ ಆಳದ ಸುರಂಗಕ್ಕೆ ಇಳಿಸಿ ಎದೋ ನದಿಗೆ ಪಂಪ್ ಮಾಡ್ತಾರೆ. 6.3 ಕಿಲೋಮೀಟರ್, 2006ರಲ್ಲಿ ಮುಗೀತು. ಕಕ್ಕಸು ನೀರಿಗೂ ಅದಕ್ಕೂ ಸಂಬಂಧ ಇಲ್ಲ. ಯಾರು ಕಳಿಸಿದ್ದು ಇದನ್ನ?

ದೊಡ್ಡಪ್ಪ: ನಮ್ಮ ವಾಕಿಂಗ್ ಗೆಳೆಯರು. ರಿಟೈರ್ಡ್ ಚೀಫ್ ಇಂಜಿನಿಯರ್.

ರವಿ: ಬಿಸಿನೀರು ಕುಡಿದ್ರೆ ಕೊರೊನಾ ಹೋಗುತ್ತೆ ಅಂದವರೇ ತಾನೇ?

ದೊಡ್ಡಪ್ಪ: ಕುಡಿದು ನಿನಗೇನು ನಷ್ಟ ಆಯ್ತು?

ಸ್ಮಿತಾ ಲಂಡನ್: ಇಲ್ಲಿ ಮಳೆನೀರು, ಕಕ್ಕಸು ಎಲ್ಲಾ ಒಂದೇ ಪೈಪು ದೊಡ್ಡಪ್ಪ, ವಿಕ್ಟೋರಿಯಾ ರಾಣಿ ಕಾಲದ್ದು. ಜೋರು ಮಳೆ ಬಂದ್ರೆ ಸೀದಾ ಥೇಮ್ಸಿಗೆ. ಅದಕ್ಕೇ 25 ಕಿಲೋಮೀಟರ್ ಸುರಂಗ ಕೊರೆದು 2025ರಲ್ಲಿ ಪೂರ್ತಿ ಜೋಡಿಸಿದ್ರು. ದುಡ್ಡು ನಮ್ಮ ನೀರಿನ ಬಿಲ್ಲಲ್ಲೇ ವಸೂಲಿ.

ಚಿಕ್ಕಪ್ಪ: ಲಂಡನ್ ಇರಲಮ್ಮ. ಮಳೆ ಬಂದಾಗೆಲ್ಲ ನಮ್ಮ ಕೆಳಗಿನ ಬಾತ್‌ರೂಮಲ್ಲಿ ಯಾಕೆ ಉಲ್ಟಾ ಬರುತ್ತೆ, ಅದು ಹೇಳಿ.

ರವಿ: ಬೆಂಗಳೂರಲ್ಲಿ ಎರಡೂ ಬೇರೆ ಬೇರೆ. ಯುಜಿಡಿ, ಅಂದ್ರೆ ಒಳಚರಂಡಿ, ಜಲಮಂಡಳಿದು, ಮಳೆನೀರಿನ ರಾಜಕಾಲುವೆ ಪಾಲಿಕೆದು. ಯುಜಿಡಿ ಪೈಪು ಬಚ್ಚಲು, ಕಕ್ಕಸಿನ ನೀರಿಗೆ ಅಂತ ಅಳೆದು ಹಾಕಿರೋದು. ಬೀದಿಯವರೆಲ್ಲ ಟೆರೇಸ್ ನೀರನ್ನ ಯುಜಿಡಿ ಚೇಂಬರಿಗೆ ಬಿಟ್ಟರೆ ತಗ್ಗಲ್ಲಿರೋ ಮನೆಗೆ ಹಿಂದಕ್ಕೆ ನುಗ್ಗುತ್ತೆ.

ಚಿಕ್ಕಪ್ಪ: ನಮ್ಮ ಟೆರೇಸ್ ಪೈಪು ಚೇಂಬರಿಗೆ ಕೊಡಿಸಿದ ಮಹಾನುಭಾವರು ಇದೇ ಗ್ರೂಪಲ್ಲಿದ್ದಾರೆ.

ದೊಡ್ಡಪ್ಪ: ಮನೆ ಕಟ್ಟೋವಾಗ ನೀನು ಎಲ್ಲಿದ್ದೆ? ಒಂದು ದಿನ ಬಂದು ಗೋಡೆಗೆ ನೀರು ಹೊಡೆದಿದ್ಯಾ?

ಪದ್ಮತ್ತೆ: ಜಗಳ ಬೇಡ್ರೋ. ಅಜ್ಜಿ ಹೇಳೋರು, ವೃಷಭಾವತಿ ನದೀಲಿ ಕಾಲು ತೊಳ್ಕೊಂಡು ಗಾಳಿ ಆಂಜನೇಯನ ಗುಡಿಗೆ ಹೋಗ್ತಿದ್ರಂತೆ. ಈಗ ಮಳೆ ಜೋರಾದ್ರೆ ಆ ಕೊಳಚೆನೇ ಗುಡಿಯೊಳಗೆ ಬರುತ್ತೆ. ಅಜ್ಜಿ ತಾಮ್ರದ ಹಂಡೇಲಿ ನೀರು ಕಾಯಿಸೋರು, ಏನು ಘಮ ಆ ಹೊಗೆ!

ಚಿಕ್ಕಮ್ಮ: ಆ ಹಂಡೆ ಈಗ ಯಾರ ಮನೇಲಿದೆ ಅಂತಾನೂ ಹೇಳಿಬಿಡಿ ಅತ್ತಿಗೆ.

ರವಿ: ಹಂಡೆ ಬಿಡಿ ಚಿಕ್ಕಮ್ಮ. ಟೆರೇಸ್ ಪೈಪು ಬಿಚ್ಚಿ ಸಂಪಿಗೋ ಇಂಗುಗುಂಡಿಗೋ ತಿರುಗಿಸಿ, ಕೆಳಗಿನ ಲೈನಿಗೆ ನೀರು ಹಿಂದಕ್ಕೆ ಬರದ ಹಾಗೆ ತಡೆಯೋ ನಾನ್ ರಿಟರ್ನ್ ವಾಲ್ವ್ ಹಾಕಿಸಿ. ನಮ್ಮದು 40-60 ಸೈಟು. ಅಷ್ಟು ದೊಡ್ಡ ಸೈಟಿನ ಹಳೇ ಮನೆಗೂ ಮಳೆನೀರು ಕೊಯ್ಲು 2009ರ ಕಾನೂನಿಂದ ಕಡ್ಡಾಯ. ದಂಡನೂ ಇದೆ.

ದೊಡ್ಡಪ್ಪ: ಹಿರಿಯರಿಗೆ ದಂಡದ ಹೆದರಿಕೆ! ನಾನು ಕಳಿಸಿದ್ದು ಜನಕ್ಕೆ ಶಿಸ್ತು ಬರಲಿ ಅಂತ.

ಚಿಕ್ಕಪ್ಪ: ಶಿಸ್ತು ಮಹಡಿಯಿಂದಲೇ ಶುರುವಾಗಲಿ ಅಣ್ಣ.

ದೊಡ್ಡಪ್ಪ ಗುಂಪು ತೊರೆದಿದ್ದಾರೆ.

ಪದ್ಮತ್ತೆ: ಅಯ್ಯೋ! ರವಿ, ಅಣ್ಣನ್ನ ವಾಪಸ್ ಸೇರಿಸೋ.

ರವಿ: ಅವರೊಬ್ಬರೇ ಅಡ್ಮಿನ್ ಇದ್ದಿದ್ದು ಅತ್ತೆ. ಈಗ ತಂತಾನೇ ಚಿಕ್ಕಪ್ಪ ಆಗಿದ್ದಾರೆ.

ಚಿಕ್ಕಪ್ಪ: ಸೇರಿಸೋಣ ಪದ್ದು. ಪ್ಲಂಬರ್ ಬಂದು ಹೋಗಲಿ.